ಒಂದು ಮಚ್ಚೆಯ ಬೆಲೆ

ಕೂಸಿಗೆ ಎಣ್ಣೆ ನೀರು ಎರೆದು, ಹೊಸ ಅಂಗಿ ತೊಡಿಸಿ, ತಲೆ ಬಾಚಿ, ಕಣ್ಣಿಗೆ ಕಾಡಿಗೆ ತೀಡಿದ ಮೇಲೆ ಅಜ್ಜಿ ಮಾಡುವ ಕೊನೆಯ ಕೆಲಸವೊಂದಿದೆ. ಬೆರಳ ತುದಿಯಲ್ಲಿ ಉಳಿದ ಕಾಡಿಗೆಯನ್ನು ಮಗುವಿನ ಕೆನ್ನೆಗೆ ಒತ್ತಿ ಒಂದು ಕರಿಯ ಬೊಟ್ಟು ಇಡುತ್ತಾಳೆ. ಅದು ದೃಷ್ಟಿಬೊಟ್ಟು. ಅಷ್ಟು ಹೊತ್ತು ಸಿಂಗರಿಸಿದ ಮುಖಕ್ಕೆ ತಾನಾಗಿಯೇ ಒಂದು ಕುಂದು ತಂದಿಟ್ಟು ನೆಮ್ಮದಿಯಿಂದ ಏಳುತ್ತಾಳೆ. ದೃಷ್ಟಿ ತಾಕುವುದು ನಿಜವೋ ಸುಳ್ಳೋ, ಆ ವಾದ ಬೇರೆ. ಎಲ್ಲಿಯೂ ಕುಂದಿಲ್ಲದ ಚೆಲುವು ಬಾಳಿ ಬದುಕಬೇಕಾದ ಕೂಸಿಗೆ ಕ್ಷೇಮವಲ್ಲ ಎಂಬ ಹಳೆಯ ಅಳುಕೊಂದು ಆ ಬೊಟ್ಟಿನಲ್ಲಿ ಉಳಿದುಕೊಂಡಿದೆ.

ಇದಕ್ಕೆ ತೀರ ವಿರುದ್ಧವಾದ ಕೆಲಸಕ್ಕೆ ಹೊರಟವನೊಬ್ಬನ ಕಥೆಯನ್ನು ಅಮೆರಿಕದ ಲೇಖಕ ನಥಾನಿಯೆಲ್ ಹಾಥಾರ್ನ್ 1843ರಲ್ಲಿ ಪ್ರಕಟಿಸಿದ. ಕಥೆಯ ಹೆಸರು ‘ದ ಬರ್ತ್‌ಮಾರ್ಕ್’, ಅಂದರೆ ಹುಟ್ಟುಮಚ್ಚೆ. ಹಾಥಾರ್ನ್ ಚಿತ್ರಕಲಾವಿದೆಯಾಗಿದ್ದ ಸೋಫಿಯಾ ಪೀಬಾಡಿಯನ್ನು ಮದುವೆಯಾದದ್ದು 1842ರ ಜುಲೈಯಲ್ಲಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ಆತ ಹೊರತಂದದ್ದು ಹೆಂಡತಿಯ ಮುಖದಲ್ಲಿ ತಪ್ಪು ಕಂಡ ಗಂಡನ ಕಥೆಯನ್ನು!

ಕಥಾನಾಯಕ ಏಲ್ಮರ್ ಹದಿನೆಂಟನೆಯ ಶತಮಾನದ ಕೊನೆಯ ಭಾಗದ ವಿಜ್ಞಾನಿ. ಆಮ್ಲದ ಕಲೆ ಹತ್ತಿದ ಬೆರಳುಗಳನ್ನು ತೊಳೆದುಕೊಂಡು ಜಾರ್ಜಿಯಾನಾ ಎಂಬ ಚೆಲುವೆಯ ಕೈ ಹಿಡಿಯುತ್ತಾನೆ. ಆಕೆಯ ಎಡಗೆನ್ನೆಯ ಮೇಲೊಂದು ಕೆಂಪು ಮಚ್ಚೆ. ಆಕಾರದಲ್ಲಿ ಅದು ಪುಟಾಣಿ ಅಂಗೈಯನ್ನು ಹೋಲುತ್ತದೆ. ಹುಟ್ಟಿದ ಗಳಿಗೆಯಲ್ಲಿ ಯಕ್ಷಿಣಿಯೊಬ್ಬಳು ಕೂಸಿನ ಕೆನ್ನೆ ಮುಟ್ಟಿ ಹೋದ ಗುರುತು ಅದು ಎಂದು ಆಕೆಯನ್ನು ಮೆಚ್ಚಿದವರು ಹೇಳುತ್ತಿದ್ದರು. ಹೊಟ್ಟೆಕಿಚ್ಚಿನ ಕೆಲವು ಹೆಂಗಸರು ಮಾತ್ರ ಅದರಿಂದ ಮುಖವೇ ಕೆಟ್ಟಿತು ಎನ್ನುತ್ತಿದ್ದರು. ಜಾರ್ಜಿಯಾನಾ ಕೂಡ ಎಲ್ಲರೂ ಅಂದ ಎನ್ನುವುದರಿಂದ ಅಂದವೇ ಇರಬೇಕು ಎಂದುಕೊಂಡು ಅದರ ಗೊಡವೆಯಿಲ್ಲದೆ ಬೆಳೆದವಳು.

ಮದುವೆಯಾದ ಸ್ವಲ್ಪ ದಿನಕ್ಕೆ ಏಲ್ಮರ್ ಕೇಳುತ್ತಾನೆ: ಈ ಮಚ್ಚೆಯನ್ನು ತೆಗೆಸಬಹುದೆಂದು ನಿನಗೆ ಯಾವತ್ತೂ ಅನಿಸಿಲ್ಲವೆ? ಇನ್ನೊಬ್ಬಳ ಮುಖದಲ್ಲಾದರೆ ಇರಲಿ ಎನ್ನಬಹುದಿತ್ತು. ನಿನ್ನ ಮುಖ ಪರಿಪೂರ್ಣತೆಗೆ ಅಷ್ಟು ಹತ್ತಿರ ಇರುವುದರಿಂದಲೇ ಈ ಸಣ್ಣ ಐಬು ಸಹಿಸಲಾಗುತ್ತಿಲ್ಲ ಎಂಬುದು ಅವನ ವಾದ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾಧಾರಣ ರೂಪಿನವಳಾಗಿದ್ದರೆ ಜಾರ್ಜಿಯಾನಾ ಬಚಾವಾಗುತ್ತಿದ್ದಳು. ನೂರಕ್ಕೆ ನಲವತ್ತು ತೆಗೆದ ಹುಡುಗನನ್ನು ಉಳಿದ ಅರವತ್ತು ಎಲ್ಲಿ ಎಂದು ಯಾರೂ ಲೆಕ್ಕ ಹಾಕಿ ಪೀಡಿಸುವುದಿಲ್ಲ. ತೊಂಬತ್ತೆಂಟು ತೆಗೆದವಳಿಗೆ ಆ ಎರಡು ಅಂಕದ ವಿಚಾರಣೆ ತಪ್ಪುವುದಿಲ್ಲ.

ಕಥೆಯ ನಿಜವಾದ ಸೂಕ್ಷ್ಮ ಆಮೇಲೆ ಬರುತ್ತದೆ. ಜಾರ್ಜಿಯಾನಾ ನಾಚಿದಾಗ ಕೆನ್ನೆಯೆಲ್ಲ ಕೆಂಪೇರಿ ಮಚ್ಚೆ ಅದರಲ್ಲಿ ಕರಗಿಹೋಗುತ್ತದೆ. ಹೆದರಿ ಬಿಳಿಚಿಕೊಂಡಾಗ ಹಿಮದ ಮೇಲೆ ಚೆಲ್ಲಿದ ಕುಂಕುಮದಂತೆ ಎದ್ದು ಕಾಣುತ್ತದೆ. ಗಂಡ ಕಣ್ಣು ನೆಟ್ಟು ನೋಡತೊಡಗಿದ ಮೇಲೆ ಆಕೆ ಬಿಳಿಚಿಕೊಳ್ಳುವುದೇ ಹೆಚ್ಚು. ಬಿಳಿಚಿಕೊಂಡಷ್ಟೂ ಮಚ್ಚೆ ಢಾಳಾಗುತ್ತದೆ. ಢಾಳಾದಷ್ಟೂ ಅವನು ನೋಡುತ್ತಾನೆ. ತಪ್ಪನ್ನು ದೊಡ್ಡದು ಮಾಡುತ್ತಿರುವುದು ತನ್ನ ನೋಟವೇ ಎಂಬುದು ಅಷ್ಟು ಓದಿದ ವಿಜ್ಞಾನಿಗೆ ಹೊಳೆಯುವುದೇ ಇಲ್ಲ. ಕೊನೆಕೊನೆಗೆ ಆ ಮಚ್ಚೆಯನ್ನು ಏಲ್ಮರನಿಗಿಂತ ಹೆಚ್ಚಾಗಿ ದ್ವೇಷಿಸುವವಳು ಜಾರ್ಜಿಯಾನಾಳೇ ಆಗುತ್ತಾಳೆ. ಇಷ್ಟು ವರ್ಷ ತನ್ನ ಕಣ್ಣಿನಿಂದ ಕನ್ನಡಿ ನೋಡಿಕೊಂಡವಳು ಈಗ ಗಂಡನ ಕಣ್ಣಿನಿಂದ ನೋಡಿಕೊಳ್ಳುತ್ತಾಳೆ.

ಎಚ್ಚರಿಕೆಯ ಮಾತು ಬಾರದೆ ಇರುವುದಿಲ್ಲ. ಏಲ್ಮರನಿಗೆ ಒಂದು ಕನಸು ಬೀಳುತ್ತದೆ. ಮಚ್ಚೆಯನ್ನು ಕತ್ತರಿಸಿ ತೆಗೆಯಲು ಕತ್ತಿ ಇಳಿಸಿದಷ್ಟೂ ಆ ಪುಟ್ಟ ಕೈ ಆಳಕ್ಕೆ ಇಳಿಯುತ್ತ ಹೋಗಿ ಕೊನೆಗೆ ಆಕೆಯ ಹೃದಯವನ್ನೇ ಹಿಡಿದುಕೊಂಡಿರುತ್ತದೆ. ಕುಲುಮೆಯ ಮಸಿ ಮೆತ್ತಿದ ಸಹಾಯಕ ಅಮಿನಡಾಬ್ ಶಾಸ್ತ್ರ ಬಲ್ಲವನಲ್ಲ. ಆದರೂ ಈಕೆ ತನ್ನ ಹೆಂಡತಿಯಾಗಿದ್ದರೆ ಆ ಮಚ್ಚೆಯನ್ನು ಬಿಟ್ಟುಕೊಡುತ್ತಿರಲಿಲ್ಲ ಎಂದು ತನ್ನಷ್ಟಕ್ಕೆ ಗೊಣಗುತ್ತಾನೆ. ಏಲ್ಮರ್ ನಯಗೊಳಿಸಿದ ಲೋಹದ ತಗಡಿನ ಮೇಲೆ ಬೆಳಕು ಬೀಳಿಸಿ ಹೆಂಡತಿಯ ಭಾವಚಿತ್ರ ತೆಗೆಯುತ್ತಾನೆ. ಪ್ಯಾರಿಸ್ಸಿನಲ್ಲಿ ಫೋಟೋಗ್ರಫಿಯ ಮೊದಲ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಹಾಥಾರ್ನ್ ಆ ಹೊಸ ವಿದ್ಯೆಯನ್ನು ಹಳೆಯ ಕಾಲದ ಕಥೆಯೊಳಕ್ಕೆ ತಂದಿದ್ದಾನೆ. ಚಿತ್ರದಲ್ಲಿ ಮುಖವೆಲ್ಲ ಮಸುಕು. ಸ್ಪಷ್ಟವಾಗಿ ಮೂಡಿದ್ದು ಆ ಪುಟ್ಟ ಕೈ ಒಂದೇ. ಏಲ್ಮರ್ ತಗಡನ್ನು ಆಮ್ಲಕ್ಕೆ ಎಸೆದುಬಿಡುತ್ತಾನೆ. ಮುಖದ ಮಚ್ಚೆ, ಮೊಡವೆಗಳನ್ನೆಲ್ಲ ಮೊಬೈಲ್ ಕ್ಯಾಮೆರಾ ತಾನೇ ಅಳಿಸಿ ಕೊಡುವ ಈ ಕಾಲದ ಹುಡುಗ ಹುಡುಗಿಯರು ಈ ಪುಟವನ್ನು ಎರಡು ಸಲ ಓದಬೇಕು.

ಇನ್ನೊಂದು ಸನ್ನಿವೇಶವಿದೆ. ಗಂಡನ ಗ್ರಂಥಾಲಯದಲ್ಲಿ ಜಾರ್ಜಿಯಾನಾಳ ಕೈಗೆ ಒಂದು ದಪ್ಪ ಪುಸ್ತಕ ಸಿಗುತ್ತದೆ. ಅವನು ಮಾಡಿದ ಪ್ರಯೋಗಗಳೆಲ್ಲವನ್ನೂ, ಗುರಿ ಏನಿತ್ತು, ದಕ್ಕಿದ್ದೇನು ಎಂಬುದನ್ನೂ ಆತ ಅದರಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ. ಓದುತ್ತ ಹೋದಂತೆ ಆಕೆಗೆ ತಿಳಿಯುತ್ತದೆ: ಅವನ ದೊಡ್ಡ ದೊಡ್ಡ ಗೆಲುವುಗಳು ಕೂಡ ಅವನು ಹೊರಟ ಗುರಿಗೆ ಹೋಲಿಸಿದರೆ ಸೋಲುಗಳೇ. ಹಾಗೆಂದು ಆಕೆಗೆ ಅವನ ಮೇಲೆ ತಿರಸ್ಕಾರ ಹುಟ್ಟುವುದಿಲ್ಲ. ಮೊದಲಿಗಿಂತ ಹೆಚ್ಚು ಪ್ರೀತಿ ಮೂಡುತ್ತದೆ. ಅವನ ತೀರ್ಮಾನದ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗುತ್ತದೆ. ಗಂಡನ ಪುಸ್ತಕದ ತುಂಬ ಕಲೆಗಳಿರುವುದನ್ನು ಕಂಡೂ ಆಕೆ ಅವನನ್ನು ಪ್ರೀತಿಸಬಲ್ಲಳು. ಆಕೆಯ ಮುಖದ ಒಂದು ಕಲೆಯನ್ನು ಕಂಡ ಅವನಿಗೆ ಅದು ಆಗದು.

ಕೊನೆಗೆ ಸ್ಫಟಿಕದ ಬಟ್ಟಲಿನಲ್ಲಿ ಔಷಧ ಬರುತ್ತದೆ. ಎಲೆಗಳಲ್ಲಿ ಹಳದಿ ಮಚ್ಚೆಗಳಿದ್ದ ಗಿಡವೊಂದಕ್ಕೆ ಅದನ್ನು ಹಾಕಿದಾಗ ಗಿಡ ಹಸಿರಾಗುತ್ತದೆ. ಜಾರ್ಜಿಯಾನಾ ಅದನ್ನು ಕುಡಿದು ನಿದ್ದೆ ಹೋಗುತ್ತಾಳೆ. ಆಕಾಶದಲ್ಲಿ ಕಾಮನಬಿಲ್ಲು ಮಾಸುವಂತೆ ಕೆನ್ನೆಯ ಕೆಂಪು ಕೈ ಮಾಸುತ್ತ ಹೋಗುತ್ತದೆ. ಏಲ್ಮರ್ ಹಿಗ್ಗುತ್ತಾನೆ. ಆಕೆ ಕಣ್ಣು ತೆರೆದು, ಗಂಡನನ್ನು ದೂರದೆ, ತಾನು ಸಾಯುತ್ತಿರುವ ಸುದ್ದಿಯನ್ನು ಮೆತ್ತಗೆ ತಿಳಿಸುತ್ತಾಳೆ. ಮಚ್ಚೆಯ ಕೊನೆಯ ಛಾಯೆ ಅಳಿದದ್ದೂ ಆಕೆಯ ಕೊನೆಯ ಉಸಿರು ಹೋದದ್ದೂ ಒಂದೇ ಗಳಿಗೆಯಲ್ಲಿ.

ಏಲ್ಮರನನ್ನು ಖಳನಾಯಕ ಎಂದು ತಳ್ಳಿಹಾಕುವುದು ಸುಲಭ. ಹಾಥಾರ್ನ್ ಆ ಸುಲಭದ ದಾರಿಯನ್ನು ಓದುಗನಿಗೆ ಬಿಟ್ಟುಕೊಟ್ಟಿಲ್ಲ. ಏಲ್ಮರನಿಗೆ ಹೆಂಡತಿಯ ಮೇಲೆ ಪ್ರೀತಿ ಇದೆ; ಆಕೆಗೆ ಕೆಡುಕಾಗಲಿ ಎಂದು ಅವನು ಒಂದು ಕ್ಷಣವೂ ಬಯಸಿದವನಲ್ಲ. ಆಕೆಗೆ ಅತ್ಯುತ್ತಮವಾದದ್ದೇ ಸಿಗಲಿ ಎಂಬ ಆಸೆಯಿಂದಲೇ ಅವನು ಬಟ್ಟಲನ್ನು ಚಾಚಿದ್ದು. ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ಚಾಚುವ ಬಟ್ಟಲುಗಳೂ ಬಹುಪಾಲು ಇಂಥ ಪ್ರೀತಿಯಿಂದ ಬಂದವೇ.

ಇದೇ ಸಂಗತಿಯನ್ನು ಎರಡು ಮೂರು ಪುಟಗಳಲ್ಲಿ ಮುಗಿಸಿದವನು ಎಡ್ಗರ್ ಅಲನ್ ಪೋ. ಅವನ ‘ದ ಓವಲ್ ಪೋರ್ಟ್ರೇಟ್’ ಕಥೆ ಬೇರೊಂದು ಹೆಸರಿನಲ್ಲಿ 1842ರಲ್ಲಿ ಅಚ್ಚಾಗಿ, 1845ರಲ್ಲಿ ಇನ್ನಷ್ಟು ಚಿಕ್ಕದಾಗಿ ಈ ಹೆಸರಿನಿಂದ ಬಂತು. ಚಿತ್ರಕಾರನೊಬ್ಬ ಗೋಪುರದ ಕತ್ತಲೆ ಕೋಣೆಯಲ್ಲಿ ತನ್ನ ಎಳೆಯ ಹೆಂಡತಿಯನ್ನು ಕೂರಿಸಿಕೊಂಡು ವಾರಗಟ್ಟಲೆ ಆಕೆಯ ಚಿತ್ರ ಬರೆಯುತ್ತಾನೆ. ಬಟ್ಟೆಯ ಮೇಲಿನ ಕೆನ್ನೆ ಕೆಂಪಾಗುತ್ತದೆ. ಎದುರು ಕುಳಿತವಳ ಕೆನ್ನೆ ಬತ್ತುತ್ತದೆ. ಅವನ ಕಣ್ಣು ಚಿತ್ರದಿಂದ ಏಳುವುದೇ ಇಲ್ಲ. ಕೊನೆಯ ಗೆರೆ ಎಳೆದು, ಇದು ಸಾಕ್ಷಾತ್ ಜೀವವೇ ಎಂದು ಉದ್ಗರಿಸಿ ತಿರುಗಿದರೆ ಹೆಂಡತಿ ಕುಳಿತಲ್ಲೇ ಪ್ರಾಣ ಬಿಟ್ಟಿದ್ದಾಳೆ. ಏಲ್ಮರ್ ಹೆಂಡತಿಯನ್ನು ಅತಿಯಾಗಿ ದಿಟ್ಟಿಸಿದ. ಪೋನ ಚಿತ್ರಕಾರ ನೋಡುವುದನ್ನೇ ಮರೆತ. ಇಬ್ಬರ ಕೈಯಲ್ಲೂ ಕೊನೆಗೆ ಉಳಿದದ್ದು ಕುಂದಿಲ್ಲದ ಒಂದು ರೂಪ ಮಾತ್ರ.

ಇನ್ನೊಬ್ಬರ ಮೇಲೆ ಹೇರದೆ ತನ್ನ ಕೆಲಸದಲ್ಲಷ್ಟೇ ಪರಿಪೂರ್ಣತೆಯನ್ನು ಹುಡುಕಿದರೆ ತೊಂದರೆಯೇನು ಎಂದು ಕೇಳಬಹುದು. ಅದಕ್ಕೆ ಫ್ರಾನ್ಸಿನ ಬಾಲ್ಝಾಕ್ 1831ರಲ್ಲಿಯೇ ಒಂದು ಕಥೆ ಬರೆದಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಅದು ‘ದ ಅನ್‌ನೋನ್ ಮಾಸ್ಟರ್‌ಪೀಸ್’ ಎಂದು ಪ್ರಸಿದ್ಧ. ಕಥೆ ನಡೆಯುವುದು 1612ರ ಪ್ಯಾರಿಸ್ಸಿನಲ್ಲಿ. ಮುಂದೆ ಫ್ರಾನ್ಸಿನ ಮಹಾನ್ ಚಿತ್ರಕಾರನೆನಿಸಿದ ನಿಕೊಲಾ ಪೂಸಾಂ ಇಲ್ಲಿ ಇನ್ನೂ ಬಡ ತರುಣ. ಅವನಿಗೆ ಫ್ರೆನ್‌ಹೋಫರ್ ಎಂಬ ಮುದಿ ಕಲಾವಿದನ ಪರಿಚಯವಾಗುತ್ತದೆ. ಈ ಮುದುಕ ಬಾಲ್ಝಾಕನ ಕಲ್ಪನೆ. ಬೇರೆಯವರ ಚಿತ್ರಕ್ಕೆ ನಾಲ್ಕು ಸಲ ಕುಂಚ ಆಡಿಸಿ ಜೀವ ತುಂಬಬಲ್ಲ ನಿಪುಣ ಆತ. ತನ್ನದೊಂದು ಚಿತ್ರವನ್ನು ಮಾತ್ರ ಹತ್ತು ವರ್ಷಗಳಿಂದ ಯಾರಿಗೂ ತೋರಿಸದೆ ತಿದ್ದುತ್ತಿದ್ದಾನೆ. ಅದೊಬ್ಬ ಹೆಣ್ಣಿನ ಚಿತ್ರ. ಅದು ಬರಿಯ ಚಿತ್ರವಾಗಿ ಉಳಿಯದೆ ಉಸಿರಾಡಬೇಕೆಂಬುದು ಅವನ ಹಟ.

ಆ ಚಿತ್ರವನ್ನು ನೋಡುವ ಆಸೆಗೆ ಪೂಸಾಂ ತನ್ನ ಪ್ರೇಯಸಿ ಜಿಲೆಟ್‌ಳನ್ನು ಮುದುಕನ ಮುಂದೆ ರೂಪದರ್ಶಿಯಾಗಿ ನಿಲ್ಲಲು ಒಪ್ಪಿಸುತ್ತಾನೆ. ಆಕೆಗೆ ಮನಸ್ಸಿಲ್ಲ, ಅವನಿಗಾಗಿ ಒಪ್ಪುತ್ತಾಳೆ. ಪರದೆ ಸರಿಯುತ್ತದೆ. ಮುದುಕ ತನ್ನ ಸುಂದರಿಯನ್ನು ಬಾಯಿ ತುಂಬ ಹೊಗಳುತ್ತಿದ್ದಾನೆ. ನೋಡಲು ಬಂದವರಿಗೆ ಕಾಣುವುದು ಒಂದರ ಮೇಲೊಂದು ಬಿದ್ದ ಬಣ್ಣಗಳ ಗೋಡೆ, ಸಿಕ್ಕುಸಿಕ್ಕಾದ ಗೆರೆಗಳು. ಬಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಬರಿಗಾಲೊಂದರ ಪಾದ ಉಳಿದಿದೆ. ಎಂಥ ಪಾದ! ಜೀವ ತುಂಬಿದ ಪಾದ. ಅಂದರೆ ಆ ಬಣ್ಣದ ರಾಶಿಯ ಅಡಿಯಲ್ಲಿ ಒಮ್ಮೆ ನಿಜವಾಗಿಯೂ ಒಬ್ಬ ಚೆಲುವೆ ಇದ್ದಳು. ತಿದ್ದಿ ತಿದ್ದಿ ಆಕೆಯನ್ನು ಹೂತುಹಾಕಿದವನು ಆಕೆಯನ್ನು ಬರೆದವನೇ. ಬಟ್ಟೆಯ ಮೇಲೆ ಏನೂ ಇಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಮುದುಕ ಅಳುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ. ಅದೇ ರಾತ್ರಿ ತನ್ನ ಚಿತ್ರಗಳನ್ನೆಲ್ಲ ಸುಟ್ಟು ಸತ್ತುಹೋಗುತ್ತಾನೆ.

ಇಷ್ಟೆಲ್ಲ ಗಲಾಟೆಯ ನಡುವೆ ಕೋಣೆಯ ಮೂಲೆಯಲ್ಲಿ ಒಬ್ಬಳು ಅಳುತ್ತಿದ್ದಾಳೆ. ಅವಳೇ ಜಿಲೆಟ್. ಚಿತ್ರದ ಹೆಣ್ಣಿಗಾಗಿ ಜೀವಂತ ಹೆಣ್ಣನ್ನು ಎಲ್ಲರೂ ಮರೆತಿದ್ದಾರೆ, ಕರೆತಂದ ಪ್ರಿಯಕರನೂ ಮರೆತಿದ್ದಾನೆ. ಇನ್ನು ಮುಂದೆ ಅವನನ್ನು ಪ್ರೀತಿಸಲು ತನ್ನಿಂದಾಗದು ಎಂಬುದು ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿದೆ.

ಕಲಾವಿದರಿಗೆ ಈ ಕಥೆ ತಮ್ಮದೇ ಜಾತಕದಂತೆ ಕಂಡದ್ದುಂಟು. ಚಿತ್ರಕಾರ ಸೆಜಾನ್‌ನ ಎದುರು ಒಮ್ಮೆ ಫ್ರೆನ್‌ಹೋಫರನ ಪ್ರಸ್ತಾಪ ಬಂದಾಗ ಆತ ಮಾತಾಡದೆ ಎದ್ದು ನಿಂತು ತನ್ನ ಎದೆಯನ್ನು ತಟ್ಟಿಕೊಂಡನೆಂದು ಎಮಿಲ್ ಬರ್ನಾರ್ ಬರೆದಿಟ್ಟಿದ್ದಾನೆ. ಪಿಕಾಸೊ ಈ ಕಥೆಯ 1931ರ ಆವೃತ್ತಿಗೆ ಚಿತ್ರಗಳನ್ನು ಒದಗಿಸಿದ. ಕಥೆ ನಡೆಯುವ ಗ್ರಾಂಡ್ಸ್ ಒಗುಸ್ಟಾಂ ಬೀದಿಯಲ್ಲಿಯೇ ಮುಂದೆ ಸ್ಟುಡಿಯೊ ಹಿಡಿದು, 1937ರಲ್ಲಿ ‘ಗೆರ್ನಿಕಾ’ವನ್ನು ಅಲ್ಲಿ ಬರೆದ. ಬಾಲ್ಝಾಕ್ ಕೂಡ ಇದೇ ರೋಗದವನು. ಪ್ರೂಫ್ ಹಾಳೆಗಳ ಅಂಚಿನ ತುಂಬ ಮತ್ತೆ ಮತ್ತೆ ಹೊಸದಾಗಿ ಬರೆದು ಅಚ್ಚುಮೊಳೆ ಜೋಡಿಸುವವರನ್ನು ಗೋಳು ಹೊಯ್ದುಕೊಂಡವನು. ಈ ಕಥೆಯನ್ನೂ 1837ರಲ್ಲಿ ಮತ್ತೆ ತಿದ್ದಿದ. ಹಾಥಾರ್ನನೂ ಕಡಿಮೆಯವನಲ್ಲ. 1828ರಲ್ಲಿ ಹೆಸರು ಹಾಕದೆ, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ತನ್ನ ಮೊದಲ ಕಾದಂಬರಿ ‘ಫ್ಯಾನ್‌ಶಾ’ದ ಪ್ರತಿಗಳನ್ನು ಹುಡುಕಿ ನಾಶಮಾಡಲು ಆತ ಯತ್ನಿಸಿದ್ದ. ತಮ್ಮ ಮೈಯಲ್ಲಿದ್ದ ಜ್ವರದ ಬಗ್ಗೆಯೇ ಬರೆದದ್ದರಿಂದಲೋ ಏನೋ, ಇವರ ಕಥೆಗಳಲ್ಲಿ ಉಪದೇಶದ ಒಣ ದನಿ ಇಲ್ಲ.

ಹಾಗಾದರೆ ಸಾಧಾರಣವಾದುದರಲ್ಲೇ ತೃಪ್ತಿಪಟ್ಟು ಸುಮ್ಮನಿರಬೇಕೆ? ‘ಹುಟ್ಟುಮಚ್ಚೆ’ ಬಂದ ಮರುವರ್ಷ, 1844ರಲ್ಲಿ, ಹಾಥಾರ್ನ್ ಇದಕ್ಕೆ ಬೇರೊಂದು ಕಥೆಯಿಂದ ಉತ್ತರ ಕೊಟ್ಟಂತಿದೆ. ಅದು ‘ದಿ ಆರ್ಟಿಸ್ಟ್ ಆಫ್ ದಿ ಬ್ಯೂಟಿಫುಲ್’. ಓವೆನ್ ವಾರ್ಲಂಡ್ ಎಂಬ ಗಡಿಯಾರ ರಿಪೇರಿಯ ಹುಡುಗ ಇದರ ನಾಯಕ. ಹಳಬರ ಮನೆಯ ಗಂಭೀರ ಗಡಿಯಾರ ರಿಪೇರಿಗೆ ಬಂದರೆ ಅದಕ್ಕೆ ಕುಣಿಯುವ ಬೊಂಬೆಗಳನ್ನು ಜೋಡಿಸಿ ಕೊಡುವವನು. ಗಿರಾಕಿಗಳು ಕಡಿಮೆಯಾಗದೆ ಇನ್ನೇನು? ಅವನ ತಲೆಯೊಳಗೆ ಒಂದೇ ಹಂಬಲ: ನಿಜವಾದ ಚಿಟ್ಟೆಯಷ್ಟೇ ಹಗುರವಾಗಿ ಹಾರುವ, ಅದಕ್ಕಿಂತ ಚೆಲುವಾದ ಒಂದು ಚಿಟ್ಟೆಯನ್ನು ಯಂತ್ರದಿಂದ ಮಾಡಬೇಕು. ಗುರುವಾಗಿದ್ದ ಮುದಿ ಗಡಿಯಾರದವನು ಹೀಯಾಳಿಸುತ್ತಾನೆ. ಆ ಮುದುಕನ ಮಗಳು, ಓವೆನ್ ಮನಸ್ಸಿನಲ್ಲೇ ಪ್ರೀತಿಸಿದ ಆ್ಯನಿ, ತಿಳಿಯದೆ ಸೂಜಿಯ ಮೊನೆ ತಾಗಿಸಿದ್ದಕ್ಕೆ ತಿಂಗಳುಗಳ ಕೆಲಸ ಹಾಳಾಗುತ್ತದೆ. ಅವಳು ಕಮ್ಮಾರನನ್ನು ಮದುವೆಯಾಗುತ್ತಾಳೆಂದು ತಿಳಿದ ದಿನ ಮತ್ತೊಮ್ಮೆ ಎಲ್ಲ ನುಚ್ಚುನೂರು. ಪ್ರತಿ ಸಲವೂ ಆತ ಮುರಿದು ಬೀಳುತ್ತಾನೆ, ಒಮ್ಮೆ ಕುಡಿತಕ್ಕೂ ಇಳಿಯುತ್ತಾನೆ, ಮತ್ತೆ ಮೇಜಿನ ಮುಂದೆ ಬಂದು ಕೂರುತ್ತಾನೆ.

ವರ್ಷಗಳ ಮೇಲೆ ಚಿಟ್ಟೆ ಸಿದ್ಧವಾಗುತ್ತದೆ. ಕರಿಮರದ ಪೆಟ್ಟಿಗೆಯಲ್ಲಿ ಅದನ್ನಿಟ್ಟುಕೊಂಡು ಆ್ಯನಿಯ ಮನೆಗೆ ಒಯ್ಯುತ್ತಾನೆ. ಅವಳ ಮದುವೆಗೆಂದು ಮಾಡತೊಡಗಿದ ಉಡುಗೊರೆ, ಅವಳಿಗೆ ಮಗುವಾದ ಮೇಲೆ ತಲುಪುತ್ತಿದೆ! ಚಿಟ್ಟೆ ಹಾರುತ್ತದೆ, ಕೋಣೆ ಬೆಳಗುತ್ತದೆ. ಯಾವುದನ್ನೂ ನಂಬದ ಮುದುಕನ ಬೆರಳ ಮೇಲೆ ಕೂತಾಗ ಅದರ ಬೆಳಕು ಕುಂದುತ್ತದೆ. ಅಷ್ಟರಲ್ಲಿ ಮಗು ಕೈ ಚಾಚಿ ಅದನ್ನು ಹಿಡಿದು ಹಿಚುಕಿಬಿಡುತ್ತದೆ. ಆ್ಯನಿ ಚೀರುತ್ತಾಳೆ. ಮುದುಕ ನಗುತ್ತಾನೆ. ಕಮ್ಮಾರ ಮಗುವಿನ ಮುಷ್ಟಿ ಬಿಡಿಸಿ ನೋಡಿದರೆ ಮಿನುಗುವ ಒಂದಿಷ್ಟು ಚೂರು. ಓವೆನ್ ಮಾತ್ರ ಶಾಂತವಾಗಿ ನೋಡುತ್ತ ನಿಂತಿದ್ದಾನೆ. ಸೂಜಿಮೊನೆ ತಾಗಿದ್ದಕ್ಕೆ ಕುಸಿದಿದ್ದ ಅದೇ ಹುಡುಗ ಈಗ ಪೂರ್ತಿ ನಾಶವಾದರೂ ಅಲುಗುವುದಿಲ್ಲ. ಅದನ್ನು ಮಾಡುತ್ತ ಮಾಡುತ್ತ ಅವನೊಳಗೆ ಬೆಳೆದದ್ದು ಮಗುವಿನ ಮುಷ್ಟಿಗೆ ಸಿಗುವಂಥದ್ದಲ್ಲ.

ಏಲ್ಮರನೂ ಓವೆನನೂ ಒಂದೇ ಕೈ ಬರೆದ ಪಾತ್ರಗಳು. ಇಬ್ಬರ ಹಂಬಲವೂ ಒಂದೇ. ಓವೆನ್ ತಂತಿ, ಚಕ್ರ, ಸ್ಪ್ರಿಂಗುಗಳ ಮೇಲೆ ಹಟ ತೊಟ್ಟ. ಕೆಟ್ಟರೆ ಮತ್ತೆ ಮಾಡಬಹುದಿತ್ತು, ನಷ್ಟವಾದದ್ದೆಲ್ಲ ಅವನದೇ. ಏಲ್ಮರ್ ಹಟ ತೊಟ್ಟದ್ದು ಉಸಿರಾಡುವ ಜೀವದ ಮೇಲೆ. ಅಲ್ಲಿ ಎರಡನೆಯ ಪ್ರಯತ್ನಕ್ಕೆ ಅವಕಾಶವೇ ಇರಲಿಲ್ಲ. ಫ್ರೆನ್‌ಹೋಫರ್ ಇವರಿಬ್ಬರ ನಡುವೆ ನಿಂತು ಇನ್ನೊಂದು ಮಾತು ಕಲಿಸುತ್ತಾನೆ: ಕೆಲಸ ತನ್ನದೇ ಆದರೂ ಕೈ ಎತ್ತಬೇಕಾದ ಗಳಿಗೆ ಒಂದಿರುತ್ತದೆ, ಅದು ತಿಳಿಯಬೇಕಾದರೆ ಇನ್ನೊಬ್ಬರ ಕಣ್ಣಿಗೆ ತೋರಿಸುವ ಧೈರ್ಯ ಬೇಕು. ಹತ್ತು ವರ್ಷ ಬಾಗಿಲು ಮುಚ್ಚದೆ ಇದ್ದಿದ್ದರೆ ಯಾರಾದರೊಬ್ಬರು ಇಷ್ಟಕ್ಕೆ ಸಾಕು ಎಂದು ಮುದುಕನ ಕೈ ಹಿಡಿಯುತ್ತಿದ್ದರೋ ಏನೋ.

ಅಕ್ಷರ ಚೆನ್ನಾಗಿ ಬರಲಿಲ್ಲವೆಂದು ಹಾಳೆ ಹರಿದು ಮತ್ತೆ ಬರೆಯುವ ವಿದ್ಯಾರ್ಥಿ ಓವೆನ್‌ನ ಬಳಗದವನು, ಅವನನ್ನು ತಡೆಯಬೇಕಾಗಿಲ್ಲ. ನಾಲ್ಕನೆಯ ಸಲ ಹರಿಯುವಾಗ ಮಾತ್ರ ಮೊದಲನೆಯ ಹಾಳೆಯನ್ನೊಮ್ಮೆ ಯಾರಿಗಾದರೂ ತೋರಿಸಲಿ. ಕಥೆಗಳನ್ನು ಓದತೊಡಗುವವರು ಪೋನಿಂದ ಆರಂಭಿಸಿದರೆ ಒಂದೇ ಸಂಜೆಗೆ ಮುಗಿಯುತ್ತದೆ. ಹಾಥಾರ್ನನ ಎರಡನ್ನೂ ಒಂದರ ಹಿಂದೊಂದು ಓದಬೇಕು. ಬಾಲ್ಝಾಕನದನ್ನು ಇಂಗ್ಲಿಷ್ ಅನುವಾದದಲ್ಲಿ ಕೊನೆಗಿಟ್ಟುಕೊಳ್ಳಬಹುದು. ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡರೆ ಸಾಕು: ಎಲ್ಲರೂ ಚೆಲುವಿನ ಮಾತಾಡುತ್ತಿರುವಾಗ ಮೂಲೆಯಲ್ಲಿ ಕುಳಿತವರು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 619 ತಂದ ಹುಡುಗಿ ಅಂಕಪಟ್ಟಿ ಹಿಡಿದು ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಆರು ಅಂಕ ಎಲ್ಲಿ ಹೋಯಿತು ಎಂದು ಕೇಳುವ ತಂದೆಯೂ ಮಗಳನ್ನು ಪ್ರೀತಿಸುವವರೇ. ಆ ಪ್ರಶ್ನೆ ಬಾಯಿಗೆ ಬರುವ ಮೊದಲು ಮಗಳ ಮುಖವನ್ನೊಮ್ಮೆ ನೋಡಬೇಕು. ಕೆನ್ನೆ ಕೆಂಪೇರಿದೆಯೋ, ಬಿಳಿಚಿಕೊಂಡಿದೆಯೋ? ಕೆಂಪೇರಿದ್ದರೆ ಆ ಆರು ಅಂಕ ಅದರಲ್ಲೇ ಕರಗಿಹೋಗಿವೆ. ಬಿಳಿಚಿಕೊಂಡಿದ್ದರೆ, ಅಜ್ಜಿ ಹಿಂದೆ ಆ ಕೆನ್ನೆಗೆ ಕಾಡಿಗೆ ಇಟ್ಟದ್ದು ಏಕೆಂದು ಅಪ್ಪ ನೆನಪು ಮಾಡಿಕೊಳ್ಳಲಿ.